ಟ್ರ್ಯಾಕ್ಟರ್ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು? ದಿನ ಎಣಿಸಬೇಡಿ, ಕೆಲಸ ನೋಡಿ

ಓದುಗರ ಪ್ರಶ್ನೆ: ನಮ್ಮದು ಸಿಂಧನೂರು ಕಡೆ. 45 ಎಚ್‌ಪಿ ಟ್ರ್ಯಾಕ್ಟರ್ ಇದೆ. ಜಾಸ್ತಿ ಭತ್ತದ ಗದ್ದೆ ಕೆಲಸ, ಸ್ವಲ್ಪ ಎರೆಹೊಲದಲ್ಲಿ ಕಡಲೆ, ಜೋಳ. ಆಯುಧ ಪೂಜೆಗೆ ಒಂದ್ಸಲ ತೊಳೆದರೆ ಸಾಕು, ಸುಮ್ನೆ ನೀರು ಹೊಡೆದರೆ ಗಾಡಿ ಹಾಳು ಅಂತ ಅಪ್ಪ ಹೇಳ್ತಾರೆ. ಡ್ರೈವರ್ ಮಾತ್ರ ವಾರಕ್ಕೊಮ್ಮೆ ಕಾಲುವೆಗೆ ಇಳಿಸಿ ತೊಳೀತಾನೆ. ಈಚೆಗೆ ರೊಟಾವೇಟರ್ (ಮಣ್ಣು ಪುಡಿ ಮಾಡೋ ತಿರುಗುವ ಬ್ಲೇಡಿನ ಯಂತ್ರ) ಹಾಕಿದಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ರ ಹೋಗ್ತಿದೆ. ಇಬ್ಬರಲ್ಲಿ ಯಾರು ಸರಿ? ಸರಿಯಾಗಿ ತೊಳೆಯೋದು ಹೇಗೆ? ಪ್ರೆಷರ್ ವಾಷರ್ ಕೊಂಡರೆ ಒಳ್ಳೇದಾ?

ಉತ್ತರ:

ನಿಮ್ಮ ಅಪ್ಪ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಬೇಕಾಬಿಟ್ಟಿ ನೀರು ಹೊಡೆದರೆ ಟ್ರ್ಯಾಕ್ಟರ್ ಹಾಳಾಗುತ್ತದೆ, ಅದು ನಿಜ. ಆದರೆ ವರ್ಷಕ್ಕೊಮ್ಮೆ ಸಾಕು ಅನ್ನೋದು ಗದ್ದೆಗೆ ಇಳಿಯುವ ಗಾಡಿಗೆ ಆಗುವ ಮಾತಲ್ಲ. ಡ್ರೈವರ್ ವಾರಕ್ಕೊಮ್ಮೆ ತೊಳೆಯುತ್ತಿರೋದು ಒಳ್ಳೆಯ ಮನಸ್ಸಿನಿಂದಲೇ, ಆದರೆ ಜಾಗ ತಪ್ಪು, ಬಹುಶಃ ವಿಧಾನವೂ ತಪ್ಪು. ನಿಮ್ಮ ಟೆಂಪರೇಚರ್ ಮುಳ್ಳೇ ಅದನ್ನು ಹೇಳುತ್ತಿದೆ. ಹೊರಗೆ ಬಾನೆಟ್ಟು, ಮಡ್‌ಗಾರ್ಡು ಫಳಫಳ ಅಂತಿದ್ದು ಒಳಗೆ ರೇಡಿಯೇಟರ್ ಕಟ್ಟಿಕೊಂಡಿರುವ ಟ್ರ್ಯಾಕ್ಟರ್‌ಗಳನ್ನು ನಾನು ನೋಡ್ತಾನೇ ಇರ್ತೀನಿ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಟ್ರ್ಯಾಕ್ಟರ್ ಸ್ವಚ್ಛ ಮಾಡೋದು ಅಂದರೆ ಇಡೀ ಗಾಡಿಗೆ ನೀರು ಹಾಕೋದು ಅಂತ ಅಲ್ಲ. ಸ್ವಚ್ಛವಾಗಿರಲೇಬೇಕಾದ ಜಾಗಗಳು ಕೆಲವೇ. ಗಾಳಿ ಒಳಗೆ ಹೋಗುವ ದಾರಿ, ಬಿಸಿ ಹೊರಗೆ ಹೋಗುವ ದಾರಿ, ಗ್ರೀಸ್ ತಿನ್ನುವ ಕೀಲುಗಳು, ಆಯಿಲ್ ಸೀಲ್‌ಗಳ ಸುತ್ತಮುತ್ತ, ಬ್ಯಾಟರಿ. ಇವುಗಳಲ್ಲಿ ಅರ್ಧಕ್ಕೆ ನೀರೇ ಬೇಕಿಲ್ಲ. ಬಟ್ಟೆ, ಬ್ರಷ್ಷು, ಸ್ವಲ್ಪ ಗಾಳಿ ಸಾಕು. ಇವು ಸ್ವಚ್ಛ ಇದ್ದು ಬಾನೆಟ್ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿದ್ದರೂ ಇಂಜಿನ್‌ಗೆ ಏನೂ ಆಗಲ್ಲ.

ಈಗ ನಿಮ್ಮ ಟೆಂಪರೇಚರ್ ವಿಷಯ, ಯಾಕಂದ್ರೆ ಇದು ಕಾಯುವ ಕೆಲಸ ಅಲ್ಲ. ರೊಟಾವೇಟರ್ ಹಾಕಿದಾಗ ಇಂಜಿನ್ ಮೇಲೆ ಪೂರ್ತಿ ಲೋಡ್ ಬೀಳುತ್ತದೆ, ಗಾಡಿ ಮಾತ್ರ ನಿಧಾನ ಹೋಗುತ್ತಿರುತ್ತದೆ. ಆಗ ಇಂಜಿನ್ ತಣ್ಣಗಿರೋದು ಫ್ಯಾನ್ ಎಳೆಯುವ ಗಾಳಿಯಿಂದ ಮಾತ್ರ. ಆ ಗಾಳಿ ಮುಂದಿನ ಜಾಲರಿಯಿಂದ ಬಂದು ರೇಡಿಯೇಟರ್ ದಾಟಿ ಹೋಗಬೇಕು. ಭತ್ತದ ಹೊಟ್ಟು, ಹುಲ್ಲಿನ ಚೂರು, ಒಣಗಿದ ಕೆಸರಿನ ಪುಡಿ ಎಲ್ಲಾ ಇದೇ ದಾರಿಯಲ್ಲಿ ಬಂದು ರೇಡಿಯೇಟರ್‌ನ ರೆಕ್ಕೆಗಳ ನಡುವೆ ಕೂರುತ್ತವೆ. ಅದಕ್ಕೆ ಇಂಜಿನ್‌ನಿಂದ ಬರುವ ಆಯಿಲ್ ಪಸೆ ಸೇರಿದರೆ ಸಗಣಿ ಸಾರಿಸಿದ ಹಾಗೆ ಗಟ್ಟಿ ಪದರ ಆಗಿಬಿಡುತ್ತದೆ. ಮುಂದಿನಿಂದ ಪೈಪಲ್ಲಿ ಜೋರಾಗಿ ನೀರು ಹೊಡೆದರೆ ಆ ಕಸ ಇನ್ನೂ ಒಳಗೆ ಹೋಗಿ ಗಟ್ಟಿಯಾಗುತ್ತದೆಯೇ ಹೊರತು ಹೊರಗೆ ಬರಲ್ಲ. ನಿಮ್ಮ ಡ್ರೈವರ್ ವಾರ ವಾರ ಮಾಡುತ್ತಿರೋದು ಬಹುಶಃ ಇದನ್ನೇ.

ಪರೀಕ್ಷೆ ಸುಲಭ. ಸಂಜೆ ಮಬ್ಬುಗತ್ತಲಲ್ಲಿ, ಇಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ, ಫ್ಯಾನ್ ಕಡೆಯಿಂದ ಟಾರ್ಚ್ ಅಥವಾ ಮೊಬೈಲ್ ಲೈಟ್ ರೇಡಿಯೇಟರ್‌ಗೆ ಹಿಡಿಯಿರಿ. ಮುಂದಿನಿಂದ ನೋಡಿ. ಬೆಳಕು ಸಣ್ಣ ಸಣ್ಣ ಗೆರೆಗಳಾಗಿ ಕಾಣಬೇಕು. ಎಲ್ಲಿ ಕತ್ತಲೆಯ ತೇಪೆ ಕಾಣುತ್ತದೋ ಅಲ್ಲಿ ಕಟ್ಟಿಕೊಂಡಿದೆ ಅಂತ ಅರ್ಥ. ಎಷ್ಟೋ ಗಾಡಿಗಳಲ್ಲಿ ಕೆಳಗಿನ ಭಾಗ ಪೂರ್ತಿ ಕತ್ತಲೆ ಇರುತ್ತದೆ, ಓನರ್‌ಗೆ ಗೊತ್ತೇ ಇರಲ್ಲ.

ಸ್ವಚ್ಛ ಮಾಡೋದು ಹೀಗೆ. ರೇಡಿಯೇಟರ್ ಮುಂದೆ ಒಂದು ಸಣ್ಣ ಕಣ್ಣಿನ ಜಾಲರಿ ಇರುತ್ತದೆ, ಬಹಳಷ್ಟು ಮಾಡೆಲ್‌ಗಳಲ್ಲಿ ಮೇಲಕ್ಕೆ ಅಥವಾ ಪಕ್ಕಕ್ಕೆ ಎಳೆದರೆ ಹೊರಗೆ ಬರುತ್ತದೆ. ಅದನ್ನು ತೆಗೆದು ಕೊಡವಿ, ತೊಳೆದು, ಒಣಗಿಸಿ. ಆಮೇಲೆ ಫ್ಯಾನ್ ಕಡೆಯಿಂದ ಮುಂದಕ್ಕೆ, ಅಂದರೆ ಕಸ ಬಂದ ದಾರಿಗೆ ಉಲ್ಟಾ, ಕಂಪ್ರೆಸರ್ ಗಾಳಿ ಹೊಡೆಯಿರಿ. ಗಾಳಿ ನೇರವಾಗಿ ಬೀಳಬೇಕು. ಓರೆ ಹೊಡೆದರೆ ರೆಕ್ಕೆಗಳು ಬಾಗುತ್ತವೆ, ಬಾಗಿದ ರೆಕ್ಕೆ ಅಂದರೆ ಮುಚ್ಚಿದ ದಾರಿ. ಎಣ್ಣೆ ಪಸೆ ಇದ್ದರೆ ಸೋಪಿನ ನೀರು ಚಿಮುಕಿಸಿ ಹತ್ತು ನಿಮಿಷ ನೆನೆಯಲು ಬಿಡಿ, ಮೆತ್ತಗಿನ ಬ್ರಷ್‌ನಿಂದ ರೆಕ್ಕೆಗಳ ಉದ್ದಕ್ಕೆ ಉಜ್ಜಿ, ಮತ್ತೆ ಅದೇ ಫ್ಯಾನ್ ಕಡೆಯಿಂದ ಸಣ್ಣ ಧಾರೆಯಲ್ಲಿ ನೀರು ಬಿಡಿ. ಕಬ್ಬಿಣದ ಬ್ರಷ್ಷು, ಮೊಳೆ, ಹೇರ್‌ಪಿನ್ನು ಯಾವುದೂ ಬೇಡ. ಭತ್ತ ಒಕ್ಕುವಾಗ, ಹುಲ್ಲು ಹೇರುವಾಗ, ಮೆಕ್ಕೆಜೋಳದ ಮೆಷಿನ್ ಓಡಿಸುವಾಗ ಜಾಲರಿಯನ್ನು ದಿನಕ್ಕೆ ಎರಡು ಸಲ ಕೊಡವಬೇಕು. ಊಟಕ್ಕೆ ನಿಲ್ಲಿಸಿದಾಗ ಒಂದು, ಸಂಜೆ ಒಂದು. ಇಂಜಿನ್ ಆಫ್ ಮಾಡಿದ ಮೇಲೆಯೇ ಕೈ ಹಾಕಿ.

ಇಷ್ಟು ಮಾಡಿಯೂ ಮುಳ್ಳು ಕೆಂಪಿಗೆ ಹೋದರೆ ಫ್ಯಾನ್ ಬೆಲ್ಟ್ ಸಡಿಲ, ಕೂಲಂಟ್ ಕಡಿಮೆ, ಥರ್ಮೋಸ್ಟಾಟ್ ಕೆಟ್ಟಿರೋದು ಇವನ್ನೆಲ್ಲ ನೋಡಬೇಕು. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ. ಒಳಗೆ ಪ್ರೆಷರ್ ಇರುತ್ತದೆ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.

ಇನ್ನು ಗಾಳಿಯ ದಾರಿ, ಅಂದರೆ ಏರ್ ಕ್ಲೀನರ್. ಇಂಜಿನ್‌ಗೆ ಧೂಳಿಗಿಂತ ದೊಡ್ಡ ಶತ್ರು ಇಲ್ಲ. ಒಂದು ಚಿಟಿಕೆ ಮಣ್ಣು ಒಳಗೆ ಹೋದರೂ ಪಿಸ್ಟನ್ ರಿಂಗು, ಲೈನರ್ ತೇಯುತ್ತವೆ. ನಿಮ್ಮದು ಯಾವ ತರಹದ್ದು ಅಂತ ಬರೆದಿಲ್ಲ, ಅದಕ್ಕೆ ಎರಡನ್ನೂ ಹೇಳ್ತೀನಿ.

ಆಯಿಲ್ ಬಾತ್ ಇದ್ದರೆ ಕೆಳಗೆ ಒಂದು ಬಟ್ಟಲು ಇರುತ್ತದೆ, ಅದರಲ್ಲಿ ಇಂಜಿನ್ ಆಯಿಲ್. ಬಂದ ಧೂಳು ಆ ಎಣ್ಣೆಗೆ ಅಂಟಿ ತಳ ಸೇರುತ್ತದೆ. ದಿನಾ ಬೆಳಗ್ಗೆ ಬಟ್ಟಲು ಬಿಚ್ಚಿ ನೋಡಬೇಕು. ಒಣ ಹೊಲದಲ್ಲಿ ಕಲ್ಟಿವೇಟರ್ ಹೊಡೆಯುವ ಕಾಲದಲ್ಲಿ ತಳದಲ್ಲಿ ಮಡ್ಡಿ ಬೇಗ ಸೇರುತ್ತದೆ. ಬೆರಳು ಅದ್ದಿದರೆ ಗೊತ್ತಾಗುತ್ತದೆ, ಎಣ್ಣೆ ಜಾರುವ ಬದಲು ರಾಗಿ ಅಂಬಲಿಯಷ್ಟು ದಪ್ಪ ಆಗಿರುತ್ತದೆ. ಆಗ ಅದನ್ನು ಚೆಲ್ಲದೆ ಡಬ್ಬಿಗೆ ಹಾಕಿ, ಬಟ್ಟಲನ್ನು ಡೀಸೆಲ್‌ನಲ್ಲಿ ತೊಳೆದು ಒರೆಸಿ, ಹೊಸ ಎಣ್ಣೆಯನ್ನು ಗೆರೆವರೆಗೆ ಮಾತ್ರ ಹಾಕಿ. ಗೆರೆ ದಾಟಿದರೆ ಇಂಜಿನ್ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ. ಮೇಲಿನ ತಂತಿಯ ಜಾಲರಿಯನ್ನು ಕೂಡ ಆಗಾಗ ಡೀಸೆಲ್‌ನಲ್ಲಿ ಅದ್ದಿ ತೊಳೆದು ಪೂರ್ತಿ ಸೋರಿಹೋಗಲು ಬಿಡಿ.

ಡ್ರೈ ಫಿಲ್ಟರ್, ಅಂದರೆ ಕಾಗದದ ಫಿಲ್ಟರ್ ಇದ್ದರೆ ಲೆಕ್ಕ ಬೇರೆ. ಇಲ್ಲಿ ಅತಿಯಾಗಿ ಸ್ವಚ್ಛ ಮಾಡೋದೇ ತಪ್ಪು. ಪ್ರತಿ ಸಲ ಬಿಚ್ಚಿ ಬಡಿದಾಗ ಕಾಗದದಲ್ಲಿ ಸಣ್ಣ ಬಿರುಕು ಬೀಳುವ ಅಪಾಯ ಇರುತ್ತದೆ, ಸೀಲ್ ಸರಿಯಾಗಿ ಕೂರದೆ ಧೂಳು ನೇರ ಒಳಗೆ ಹೋಗಬಹುದು. ಡ್ಯಾಶ್‌ಬೋರ್ಡಿನಲ್ಲಿ ಏರ್ ಫಿಲ್ಟರ್ ಲೈಟ್ ಬಂದಾಗ ಅಥವಾ ಮ್ಯಾನುವಲ್‌ನಲ್ಲಿ ಹೇಳಿದ ಗಂಟೆಗೆ ತೆಗೆಯಿರಿ. ಹೊರಗಿನ ಫಿಲ್ಟರನ್ನು ಅಂಗೈಗೆ ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಯಿರಿ. ಗಾಳಿ 30 ಪಿಎಸ್‌ಐ ದಾಟದಿರಲಿ. ಟೈರ್‌ಗೆ ಗಾಳಿ ಹೊಡೆಯುವ ಹಾಗೆ ಪೂರ್ತಿ ಪ್ರೆಷರ್ ಬಿಟ್ಟರೆ ಕಾಗದ ಹರಿಯುತ್ತದೆ. ಒಳಗೆ ಇರುವ ಸಣ್ಣ ಸೇಫ್ಟಿ ಫಿಲ್ಟರನ್ನು ಮುಟ್ಟಲೇಬೇಡಿ, ಅದನ್ನು ತೊಳೆಯೋದಿಲ್ಲ, ಬಡಿಯೋದಿಲ್ಲ, ಕಾಲ ಬಂದಾಗ ಹೊಸದು ಹಾಕೋದು ಅಷ್ಟೇ. ಕಾಗದದ ಫಿಲ್ಟರ್‌ಗೆ ಪೆಟ್ರೋಲು, ಡೀಸೆಲ್ಲು ಹಾಕಿ ತೊಳೆಯುವವರನ್ನು ನೋಡಿದ್ದೀನಿ. ದಯವಿಟ್ಟು ಮಾಡಬೇಡಿ. ಫಿಲ್ಟರ್ ಡಬ್ಬಿಯ ಕೆಳಗೆ ರಬ್ಬರಿನ ಒಂದು ಬಾಯಿ ಇರುತ್ತದೆ, ಅದನ್ನು ದಿನಾ ಎರಡು ಬೆರಳಲ್ಲಿ ಒತ್ತಿದರೆ ಸೇರಿದ ಧೂಳು ಪುಸಕ್ಕನೆ ಕೆಳಗೆ ಬೀಳುತ್ತದೆ. ಎರಡು ಸೆಕೆಂಡಿನ ಕೆಲಸ, ಆದರೆ ಫಿಲ್ಟರ್ ಬಾಳಿಕೆ ಇದರಿಂದ ಎಷ್ಟೋ ಜಾಸ್ತಿ ಆಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಎಷ್ಟು ಸಲ. ಒಣ ಹೊಲದ ಉಳುಮೆ ಇದ್ದಾಗ ನೀರಿನಲ್ಲಿ ತೊಳೆಯೋದು ವಾರ ಹತ್ತು ದಿನ ಬಿಟ್ಟರೂ ನಡೆಯುತ್ತದೆ, ಆದರೆ ಮೇಲೆ ಹೇಳಿದ ಒಣ ಸ್ವಚ್ಛತೆ, ಅಂದರೆ ಜಾಲರಿ ಕೊಡವೋದು, ಏರ್ ಕ್ಲೀನರ್ ಬಟ್ಟಲು ನೋಡೋದು ಅಥವಾ ರಬ್ಬರ್ ಬಾಯಿ ಒತ್ತೋದು, ದಿನಾ ಬೇಕು. ಗದ್ದೆ ಕೆಸರು ಮಾಡುವ ಕಾಲದಲ್ಲಿ ಪ್ರತಿ ದಿನ ಸಂಜೆ ಚಕ್ರ, ಮುಂದಿನ ಆಕ್ಸಲ್, ಹೊಟ್ಟೆ ಭಾಗದ ಕೆಸರನ್ನು ಸಾದಾ ನೀರಲ್ಲಿ ತೊಳೆಯಿರಿ. ಬೆಳಗ್ಗೆ ನೋಡೋಣ ಅಂತ ಬಿಡಬೇಡಿ. ನಿಮ್ಮ ಕಡೆಯ ಎರೆಮಣ್ಣಿನ ಗುಣ ನಿಮಗೇ ಗೊತ್ತು, ಹಸಿ ಇದ್ದಾಗ ಅಂಟು, ಒಣಗಿದರೆ ಕಲ್ಲು. ಹಸಿ ಇದ್ದಾಗ ಕಾಲು ಗಂಟೆಯಲ್ಲಿ ಹೋಗುವ ಕೆಸರು ಮಾರನೇ ದಿನ ಉಳಿ ಹಿಡಿದು ಎಬ್ಬಿಸುವ ಹಾಗೆ ಆಗುತ್ತದೆ, ಎಬ್ಬಿಸುವಾಗ ಪೇಂಟೂ ಎದ್ದು ಬರುತ್ತದೆ. ಗೊಬ್ಬರ, ಔಷಧಿ ಹಾಕಿದ ದಿನವಂತೂ ಅವತ್ತೇ ತೊಳೆಯಬೇಕು. ಯೂರಿಯಾ, ಪೊಟ್ಯಾಷ್ ಗಾಳಿಯ ಪಸೆ ಹೀರಿಕೊಂಡು ಕಬ್ಬಿಣಕ್ಕೆ ಅಂಟಿ ತುಕ್ಕು ಹಿಡಿಸುತ್ತವೆ. ಇದನ್ನು ಬಿಟ್ಟು ಪೂರ್ತಿ ತೊಳೆತ, ಅಂದರೆ ಸೋಪು ಹಾಕಿ, ಎಣ್ಣೆ ಜಿಡ್ಡು ತೆಗೆದು, ಎಲ್ಲಾ ನೋಡಿ ಮಾಡುವಂಥದ್ದು, ಒಂದೊಂದು ಹಂಗಾಮು ಮುಗಿದಾಗ ಮತ್ತು ಸರ್ವೀಸಿಗೆ ಬಿಡುವ ಮುಂಚೆ. ಅವರ್ ಮೀಟರ್ ನೋಡಿ 250 ಗಂಟೆ ಸರ್ವೀಸಿಗೆ ಹೋಗುವ ಹಿಂದಿನ ದಿನ ತೊಳೆದರೆ ಮೆಕ್ಯಾನಿಕ್‌ಗೆ ಎಲ್ಲಿ ಆಯಿಲ್ ಜಿನುಗುತ್ತಿದೆ ಅಂತ ಸರಿಯಾಗಿ ಕಾಣುತ್ತದೆ. ಕೆಸರು ಮೆತ್ತಿದ ಗಾಡಿಯಲ್ಲಿ ಅವನಿಗೆ ಏನೂ ಕಾಣಲ್ಲ, ಅವನು ನೋಡೋದೂ ಇಲ್ಲ.

ತೊಳೆಯುವ ಕ್ರಮ ಹೇಳ್ತೀನಿ, ಇಲ್ಲೇ ಜಾಸ್ತಿ ಜನ ತಪ್ಪು ಮಾಡೋದು.

ಗಾಡಿಯನ್ನು ಸಮತಟ್ಟು ಜಾಗದಲ್ಲಿ, ಸಾಧ್ಯವಾದರೆ ನೆರಳಲ್ಲಿ ನಿಲ್ಲಿಸಿ. ರೊಟಾವೇಟರ್ ಅಥವಾ ಬೇರೆ ಏನೇ ಹಿಂದೆ ಇದ್ದರೂ ನೆಲಕ್ಕೆ ಇಳಿಸಿ. ಪಿಟಿಒ (ರೊಟಾವೇಟರ್ ತಿರುಗಿಸುವ ಹಿಂದಿನ ಶಾಫ್ಟ್) ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಹೈಡ್ರಾಲಿಕ್ ಮೇಲೆ ಎತ್ತಿಟ್ಟ ರೊಟಾವೇಟರ್ ಕೆಳಗೆ ತಲೆ ಹಾಕಿ ಬ್ಲೇಡಿನ ಹುಲ್ಲು ಬಿಡಿಸುವವರು ಇದ್ದಾರೆ. ಮಕ್ಕಳು ಸೀಟಿಗೆ ಹತ್ತಿ ಲಿವರ್ ಎಳೆದರೆ ಸಾಕು, ಜೀವ ಹೋಗುತ್ತದೆ. ಎತ್ತಲೇಬೇಕು ಅಂದರೆ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟೇ ಕೈ ಹಾಕಬೇಕು.

ಆಮೇಲೆ ಕಾಯಿರಿ. ಹೊಲದಿಂದ ಬಂದ ತಕ್ಷಣ ಬಿಸಿ ಇಂಜಿನ್ ಮೇಲೆ ತಣ್ಣೀರು ಬೇಡ. ಬೀಡು ಕಬ್ಬಿಣ ಒಮ್ಮೆಲೇ ತಣ್ಣಗಾದರೆ ಬಿರುಕು ಬಿಡಬಹುದು. ಡೀಸೆಲ್ ಪಂಪಿಗೆ ಇದು ಇನ್ನೂ ಕೆಟ್ಟದ್ದು. ಅದರ ಒಳಗಿನ ಭಾಗಗಳು ಕೂದಲೆಳೆಗಿಂತ ಕಡಿಮೆ ಸಂದಿನಲ್ಲಿ ಕೂತಿರುತ್ತವೆ, ಬಿಸಿ ಪಂಪಿಗೆ ತಣ್ಣೀರು ಬಿದ್ದು ಹೊರಮೈ ಕುಗ್ಗಿದರೆ ಒಳಗೆ ಜಾಮ್ ಆಗಬಹುದು. ಇಂಜಿನ್ ಓಡುತ್ತಿರುವಾಗ ಅದಕ್ಕೆ ನೀರು ಹೊಡೆಯೋದಂತೂ ಬೇಡವೇ ಬೇಡ. ಇಂಜಿನ್ ಮೇಲೆ ಕೈ ಇಟ್ಟರೆ ಸುಡಬಾರದು, ಅಲ್ಲಿವರೆಗೆ ಕಾಯಿರಿ. ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಚಕ್ರ, ಮಡ್‌ಗಾರ್ಡಿನ ಒಳಭಾಗ, ರೊಟಾವೇಟರ್ ತೊಳೆದು ಮುಗಿಸಬಹುದು, ಸಮಯ ಹಾಳಾಗಲ್ಲ.

ಹಿಂದಿನ ಆಕ್ಸಲ್, ಗೇರ್ ಬಾಕ್ಸ್ ಮೇಲೆ ಬ್ರೀದರ್ ಅಂತ ಒಂದು ಸಣ್ಣ ಟೊಪ್ಪಿ ಇರುತ್ತದೆ, ಅದರಿಂದ ಒಳಗಿನ ಗಾಳಿ ಉಸಿರಾಡುತ್ತದೆ. ಕೆಲಸ ಮಾಡಿ ಬಿಸಿಯಾದ ಗೇರ್ ಬಾಕ್ಸ್ ಮೇಲೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆಯುತ್ತದೆ. ಬ್ರೀದರ್ ಸುತ್ತ ನೀರು ನಿಂತಿದ್ದರೆ ನೀರನ್ನೇ ಎಳೆದುಕೊಳ್ಳುತ್ತದೆ. ಕಾಲುವೆಯಲ್ಲಿ ಇಳಿಸಿ ತೊಳೆಯೋದರ ದೊಡ್ಡ ಅಪಾಯ ಇದೇ. ಹಬ್ಬು, ಆಕ್ಸಲ್ಲು ಬಿಸಿ ಇರುವಾಗಲೇ ನೀರಲ್ಲಿ ಮುಳುಗುತ್ತವೆ, ಸ್ವಲ್ಪ ಸವೆದ ಸೀಲ್ ಇದ್ದರೂ ನೀರು ಒಳಗೆ. ನಿಮ್ಮ ಗಾಡಿಯ ಹೈಡ್ರಾಲಿಕ್ ಡಿಪ್‌ಸ್ಟಿಕ್ ಇವತ್ತೇ ಎಳೆದು ನೋಡಿ. ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ಆಗ ಎಣ್ಣೆ ಬದಲಿಸೋದರ ಜೊತೆಗೆ ನೀರು ಎಲ್ಲಿಂದ ಬಂತು ಅಂತ ಹುಡುಕಿಸಲೇಬೇಕು.

ಕಾಲುವೆ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಆ ನೀರು ಕೆಳಗಿನ ಊರಿನವರು ದನಕ್ಕೆ, ಎಷ್ಟೋ ಕಡೆ ಮನೆಗೂ ಬಳಸುತ್ತಾರೆ. ಡೀಸೆಲ್, ಗ್ರೀಸ್, ಔಷಧಿ ಪಸೆ ಎಲ್ಲಾ ಅದರಲ್ಲೇ ತೇಲಿ ಹೋಗುತ್ತದೆ. ಹೊಲದ ಮೂಲೆಯಲ್ಲಿ ಒಂದಿಷ್ಟು ಕಲ್ಲು, ಜಲ್ಲಿ ಹಾಸಿ ತೊಳೆಯುವ ಜಾಗ ಮಾಡಿಕೊಳ್ಳಿ, ಬಾವಿ ಬೋರ್‌ವೆಲ್‌ನಿಂದ ದೂರ ಇರಲಿ. ಗಾಡಿ ಕೆಸರಲ್ಲಿ ನಿಲ್ಲೋದೂ ತಪ್ಪುತ್ತದೆ.

ನೀರು ಹಾಕುವ ಮುಂಚೆ ಸೈಲೆನ್ಸರ್ ಬಾಯಿ, ಏರ್ ಕ್ಲೀನರ್ ಮೇಲಿನ ಟೊಪ್ಪಿ, ಆಲ್ಟರ್ನೇಟರ್, ಸೆಲ್ಫ್ ಮೋಟರ್, ಫ್ಯೂಸ್ ಬಾಕ್ಸ್, ಮೀಟರ್ ಬೋರ್ಡು ಇವಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಬೇಡ, ಅದರಲ್ಲಿ ಉಪ್ಪಿನಂಶ ಇರುತ್ತದೆ. ತೊಳೆದ ಮೇಲೆ ಚೀಲ ತೆಗೆಯಲು ಮರೆಯಬೇಡಿ. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಹೊಸ ಗಾಡಿಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂದ ಮೇಲೆ ಅವುಗಳಲ್ಲಿ ಸೆನ್ಸರು, ಕಂಪ್ಯೂಟರು, ವೈರಿನ ಕನೆಕ್ಟರು ಜಾಸ್ತಿ ಆಗಿವೆ. ನಿಮ್ಮದು 45 ಎಚ್‌ಪಿ ಆದ್ದರಿಂದ ಆ ತಲೆನೋವು ಕಡಿಮೆ. ಆದರೆ ನೆಂಟರ ದೊಡ್ಡ ಗಾಡಿ ತೊಳೆಯುವಾಗ ಇಂಜಿನ್ ಭಾಗಕ್ಕೆ ಧಾರೆ ಬಿಡಲೇಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು.

ಮೊದಲು ಒಣ ಕಸ ತೆಗೆಯಿರಿ, ಆಮೇಲೆ ಕೆಸರಿಗೆ ನೀರು ಹಾಕಿ ಹತ್ತು ನಿಮಿಷ ನೆನೆಯಲು ಬಿಡಿ. ಜಿಡ್ಡು ಇರುವ ಕಡೆ ಬ್ರಷ್ಷಿಗೆ ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಉಜ್ಜಿ, ಕೂಡಲೇ ಸೋಪಿನ ನೀರಲ್ಲಿ ತೊಳೆದುಬಿಡಿ. ಡೀಸೆಲ್ ರಬ್ಬರಿನ ಮೇಲೆ ಉಳಿಯಬಾರದು, ಟೈರು, ಬೆಲ್ಟು, ಹೋಸ್ ಪೈಪು ಊದಿಕೊಂಡು ಬಿರುಕು ಬಿಡುತ್ತವೆ. ಬಟ್ಟೆ ಸೋಡಾ, ಆಸಿಡ್ ಬೇಡ, ಪೇಂಟು ಹೋಗುತ್ತದೆ. ಗಾಡಿ ತೊಳೆಯುವ ಶಾಂಪೂ ಸಾಕು. ಮೇಲಿನಿಂದ ಕೆಳಗೆ ಬನ್ನಿ.

ತೊಳೆದ ಮೇಲೆ ಇಡೀ ಗಾಡಿಗೆ ಸುಟ್ಟ ಆಯಿಲ್ ಡೀಸೆಲ್ ಬೆರೆಸಿ ಸ್ಪ್ರೇ ಮಾಡಿಸೋದು ಕೆಲವು ಕಡೆ ಅಭ್ಯಾಸ. ಹೊಳಪು ಬರುತ್ತದೆ, ನಿಜ. ಆದರೆ ಎರಡನೇ ದಿನಕ್ಕೇ ಧೂಳೆಲ್ಲ ಅಂಟಿ ಕಪ್ಪು ಪದರ ಆಗುತ್ತದೆ, ರಬ್ಬರು ಹಾಳಾಗುತ್ತದೆ, ಆಯಿಲ್ ಲೀಕ್ ಯಾವುದು, ಹಚ್ಚಿದ್ದು ಯಾವುದು ಗೊತ್ತಾಗಲ್ಲ. ಇದನ್ನು ಬಿಟ್ಟುಬಿಡಿ. ನೇಗಿಲಿನ ಕುಳ, ಕಲ್ಟಿವೇಟರ್ ಹಲ್ಲು ಇವು ಮಳೆಗಾಲ ಪೂರ್ತಿ ಸುಮ್ನೆ ನಿಲ್ಲುವಂತಿದ್ದರೆ ಮಣ್ಣು ತಾಗುವ ಭಾಗಕ್ಕೆ ಮಾತ್ರ ಗ್ರೀಸ್ ಸವರಿ.

ಗದ್ದೆ ಕೆಲಸದವರು ಹೊಟ್ಟೆ ಭಾಗದಲ್ಲಿ ಒಂದು ಜಾಗ ತಪ್ಪದೆ ನೋಡಬೇಕು. ಕ್ಲಚ್ ಇರುವ ಡಬ್ಬಿಯ ತಳದಲ್ಲಿ ಸಣ್ಣ ತೂತು ಇರುತ್ತದೆ, ಬಹಳ ಗಾಡಿಗಳಲ್ಲಿ ಅದರಲ್ಲಿ ಒಂದು ಸ್ಪ್ಲಿಟ್ ಪಿನ್ ನೇತಾಡುತ್ತಿರುತ್ತದೆ. ಗಾಡಿ ಅಲ್ಲಾಡಿದ ಹಾಗೆ ಪಿನ್ನೂ ಅಲ್ಲಾಡಿ ತೂತು ತೆರೆದಿಡಲಿ ಅಂತಲೇ ಹಾಕಿರೋದು. ಕೆಸರಿಗೆ ಅದು ಕಟ್ಟಿಕೊಂಡರೆ ಒಳಗೆ ಹೋದ ನೀರು ಹೊರಗೆ ಬರಲ್ಲ, ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಕೆಲವು ಗಾಡಿಗಳಿಗೆ ಗದ್ದೆಗೆ ಇಳಿಯುವಾಗ ಹಾಕಲು ಅಂತ ಪ್ಲಗ್ ಕೊಟ್ಟಿರುತ್ತಾರೆ, ಗದ್ದೆ ಕೆಲಸ ಮುಗಿದ ಮೇಲೆ ಅದನ್ನು ತೆಗೆಯಬೇಕು. ಆ ತೂತಿನಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಒಳಗಿನ ಸೀಲ್ ಹೋಗಿದೆ ಅಂತ ಮೆಕ್ಯಾನಿಕ್‌ಗೆ ಹೇಳಿ.

ರೊಟಾವೇಟರ್‌ದು ಇನ್ನೊಂದು. ಎರಡೂ ತುದಿಯಲ್ಲಿ ಬೇರಿಂಗ್ ಪಕ್ಕ ಭತ್ತದ ಹುಲ್ಲು, ಪ್ಲಾಸ್ಟಿಕ್ ದಾರ, ಹಳೆ ಡ್ರಿಪ್ ಪೈಪಿನ ಚೂರು ಸುತ್ತಿಕೊಂಡು ಬಿಗಿಯಾಗುತ್ತವೆ. ಹೊರಗಿನಿಂದ ನೋಡಿದರೆ ಬರೀ ಕೆಸರಿನ ಮುದ್ದೆ ಥರ ಕಾಣುತ್ತದೆ. ಕೆಸರು ತೊಳೆದ ಮೇಲೆ ಚಾಕು ಹಿಡಿದು ಆ ದಾರ ಕತ್ತರಿಸಿ ಎಳೆದು ತೆಗೆಯಿರಿ. ಬಿಟ್ಟರೆ ಅದು ಸೀಲ್ ಒಳಗೆ ಹೊಕ್ಕು ಎಣ್ಣೆ ಸೋರಿ, ನೀರು ಹೋಗಿ, ಬೇರಿಂಗ್ ಮುರಿಯೋದು ಗ್ಯಾರಂಟಿ. ಮುಂದಿನ ಚಕ್ರದ ಹಬ್ಬಿನಲ್ಲೂ ಹೀಗೇ ಹುಲ್ಲು ಸುತ್ತಿರುತ್ತದೆ, ನೋಡಿ.

ತೊಳೆದಾಯ್ತು, ಈಗ ಒಣಗಿಸಿ, ಆಮೇಲೆ ಗ್ರೀಸ್. ಈ ಕ್ರಮ ಉಲ್ಟಾ ಮಾಡಬಾರದು. ತೊಳೆಯುವಾಗ ಕೀಲುಗಳ ಒಳಗೆ ನೀರು ಹೋಗಿಯೇ ಇರುತ್ತದೆ, ಹೊಸ ಗ್ರೀಸ್ ಹೊಡೆದರೆ ಅದು ನೀರನ್ನೂ ಹಳೆ ಗ್ರೀಸನ್ನೂ ಹೊರಗೆ ತಳ್ಳುತ್ತದೆ. ಗ್ರೀಸ್ ಗನ್ ಹಾಕುವ ಮುಂಚೆ ಪ್ರತಿ ನಿಪ್ಪಲ್‌ನ ತುದಿಯನ್ನು ಬಟ್ಟೆಯಲ್ಲಿ ಒರೆಸಿ. ಒರೆಸದೆ ಒತ್ತಿದರೆ ತುದಿಯಲ್ಲಿದ್ದ ಮಣ್ಣನ್ನು ನೀವೇ ಕೈಯಾರೆ ಬೇರಿಂಗ್ ಒಳಗೆ ಕಳಿಸಿದ ಹಾಗೆ. ಮುಂದಿನ ಆಕ್ಸಲ್‌ನ ಕಿಂಗ್ ಪಿನ್, ನಡುವಿನ ಪಿನ್ ಇವುಗಳಿಗೆ ಗ್ರೀಸ್ ಹೊಡೆಯುತ್ತಾ ಇರಿ, ಮೊದಲು ಕಪ್ಪು ಮಣ್ಣು ನೀರು ಬರುತ್ತದೆ, ಆಮೇಲೆ ಕಂದು, ಕೊನೆಗೆ ಹೊಸ ಗ್ರೀಸಿನ ಬಣ್ಣ. ಅಲ್ಲಿ ನಿಲ್ಲಿಸಿ, ಹೊರಗೆ ಬಂದದ್ದನ್ನು ಒರೆಸಿ. ಗದ್ದೆ ಹಂಗಾಮಿನಲ್ಲಿ ಇದು ದಿನಾ ಆಗಬೇಕು.

ಬ್ಯಾಟರಿ ಮೇಲೆ ಬಿಳಿ ಹಸಿರು ಪುಡಿ ಇದ್ದರೆ ಮೈನಸ್ ವೈರ್ ಮೊದಲು ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಲ್ಲಿ ಟರ್ಮಿನಲ್ ಉಜ್ಜಿ ಒರೆಸಿ, ವ್ಯಾಸಲೀನ್ ಹಚ್ಚಿ. ಸೋಡಾ ನೀರು ಬ್ಯಾಟರಿ ಒಳಗೆ ಬೀಳದ ಹಾಗೆ ಮುಚ್ಚಳ ಬಿಗಿ ಇರಲಿ. ವಾಪಸ್ ಹಾಕುವಾಗ ಮೈನಸ್ ಕೊನೆಗೆ.

ಎಲ್ಲಾ ಆದ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಲು ಬಿಡಿ, ಆ ಬಿಸಿಗೆ ಉಳಿದ ಪಸೆ ಒಣಗುತ್ತದೆ. ಆಮೇಲೆ ಎರಡೂ ಬ್ರೇಕ್ ಪೆಡಲ್ ಜೋಡಿಸಿ ನಿಧಾನವಾಗಿ ಓಡಿಸಿ ನಾಲ್ಕೈದು ಸಲ ಬ್ರೇಕ್ ಒತ್ತಿ ನೋಡಿ. ಹಳೆಯ ಡ್ರೈ ಬ್ರೇಕ್ ಗಾಡಿಗಳಲ್ಲಿ ನೀರು ಹೋಗಿದ್ದರೆ ಒಂದು ಕಡೆ ಹಿಡಿಯುತ್ತದೆ, ಇನ್ನೊಂದು ಕಡೆ ಹಿಡಿಯಲ್ಲ. ಟ್ರೇಲರ್ ಹಾಕಿಕೊಂಡು ರೋಡಿಗೆ ಹೋದ ಮೇಲೆ ಅದು ಗೊತ್ತಾಗೋದು ಬೇಡ. ಎಣ್ಣೆಯಲ್ಲಿ ಮುಳುಗಿರುವ ಆಯಿಲ್ ಬ್ರೇಕ್ ಇದ್ದರೆ ಈ ಭಯ ಕಡಿಮೆ.

ಬೆಂಕಿಯ ಬಗ್ಗೆಯೂ ಎರಡು ಮಾತು. ಒಕ್ಕಣೆ ಕಾಲದಲ್ಲಿ, ಹುಲ್ಲು ಹೇರುವಾಗ ಸೈಲೆನ್ಸರ್ ಬುಡದಲ್ಲಿ, ಬ್ಯಾಟರಿ ಪಕ್ಕ ಒಣ ಹೊಟ್ಟು ಸೇರುತ್ತದೆ. ಡೀಸೆಲ್ ಜಿನುಗುವ ಗಾಡಿಯಲ್ಲಿ ಹೊಟ್ಟೂ ಸೇರಿದರೆ ಒಂದು ಕಿಡಿ ಸಾಕು. ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಎತ್ತಿ ಅದನ್ನು ಗುಡಿಸಿಬಿಡಿ. ಹಂಗಾಮು ಇಲ್ಲದಾಗ ಇಲಿ ಕೂಡ ಅಲ್ಲೇ ಗೂಡು ಮಾಡಿ ವೈರ್ ಕಡಿಯುತ್ತದೆ, ಅದನ್ನೂ ನೋಡಿಕೊಳ್ಳಿ.

ಗಾಡಿ ಬಾಡಿಗೆಗೆ ಬೇರೆಯವರ ಹೊಲಕ್ಕೆ ಹೋಗುತ್ತದಾ? ಹಾಗಿದ್ದರೆ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಟೈರು, ರೊಟಾವೇಟರ್ ಮಣ್ಣು ಅಲ್ಲೇ ಕೆರೆದು ಬರಬೇಕು. ಇದನ್ನು ನಮ್ಮಲ್ಲಿ ಯಾರೂ ಯೋಚನೆ ಮಾಡಲ್ಲ, ನನಗೆ ತುಂಬಾ ಬೇಜಾರು ಅನಿಸುವ ವಿಷಯ. ಶುಂಠಿಯ ಹಸಿ ಕೊಳೆ ರೋಗ, ಬಾಳೆಯ ಪನಾಮ ಸೊರಗು ರೋಗ ಇವೆಲ್ಲ ಮಣ್ಣಿನ ಜೊತೆ ಬರುತ್ತವೆ. ಪನಾಮ ರೋಗದ ಬೂಷ್ಟು ಒಮ್ಮೆ ಹೊಲಕ್ಕೆ ಬಂದರೆ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕಾಂಗ್ರೆಸ್ ಗಿಡದ ಬೀಜ, ಗದ್ದೆಯ ಕಾಡು ಭತ್ತ ಕೂಡ ಟ್ರ್ಯಾಕ್ಟರು, ಕಟಾವು ಮೆಷಿನ್ನುಗಳ ಜೊತೆ ಊರೂರು ಸುತ್ತುತ್ತವೆ. ಕಟಾವು ಮೆಷಿನ್ ನಿಮ್ಮ ಗದ್ದೆಗೆ ಇಳಿಯುವ ಮುಂಚೆ ಗುಡಿಸಿ ಬರಲು ಹೇಳುವ ಹಕ್ಕು ನಿಮಗಿದೆ, ಕೇಳಿ.

ಕಳೆ ಔಷಧಿ ಹೊಡೆದ ಸ್ಪ್ರೇಯರ್ ಅನ್ನು ಗ್ಲೌಸ್ ಹಾಕಿಕೊಂಡು ಮೂರು ಸಲ ತೊಳೆಯಿರಿ, ಆ ನೀರನ್ನು ಔಷಧಿ ಹೊಡೆದ ಹೊಲಕ್ಕೇ ಬಿಡಿ. 2,4-ಡಿ ಉಳಿದ ಟ್ಯಾಂಕಿನಲ್ಲೇ ಹತ್ತಿಗೆ ಔಷಧಿ ಹೊಡೆದರೆ ಹತ್ತಿ ಎಲೆ ಮುರುಟಿ ಬೆಳೆಯೇ ಹೋಗುತ್ತದೆ.

ಆಯುಧ ಪೂಜೆಯ ತೊಳೆತ ಖಂಡಿತ ಮಾಡಿ, ಅಪ್ಪನ ಮಾತು ಇಟ್ಟುಕೊಳ್ಳಿ. ಅವತ್ತು ಹಾರವನ್ನು ಮುಂದಿನ ಗ್ರಿಲ್ ತುಂಬಾ ಕಟ್ಟಿ ಹಾಗೇ ಮೆರವಣಿಗೆ ಓಡಿಸುತ್ತಾರೆ. ಚೆಂಡು ಹೂವಿನ ಎಸಳೆಲ್ಲ ಉದುರಿ ಫ್ಯಾನ್ ಎಳೆತಕ್ಕೆ ರೇಡಿಯೇಟರ್ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಹಾರ ಬಾನೆಟ್ ಮೇಲೆ ಇರಲಿ, ಮಾರನೇ ದಿನ ಕೆಲಸಕ್ಕೆ ಹೋಗುವ ಮುಂಚೆ ಜಾಲರಿ ತೆಗೆದು ಕೊಡವಿ.

ಪ್ರೆಷರ್ ವಾಷರ್ ಕೇಳಿದ್ದೀರಿ. ನಿಮ್ಮಂಥ ಗದ್ದೆ ಕೆಲಸದವರಿಗೆ ಉಪಯೋಗ ಇದೆ, ಟೈರಿನ ಗುಬುಟುಗಳ ನಡುವಿನ ಎರೆಮಣ್ಣು, ಗದ್ದೆಗೆ ಹಾಕುವ ಕಬ್ಬಿಣದ ಕೇಜ್ ವೀಲು, ರೊಟಾವೇಟರ್ ಬ್ಲೇಡು ಇವಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ನೀರೂ ಪೈಪಿಗಿಂತ ಕಡಿಮೆ ಹಿಡಿಯುತ್ತದೆ. ಆದರೆ ಅದನ್ನು ಡ್ರೈವರ್ ಕೈಗೆ ಕೊಡುವ ಮುಂಚೆ ನೀವೇ ಜೊತೆಗೆ ನಿಂತು ತೋರಿಸಿ. ಆಯಿಲ್ ಸೀಲು, ಬೇರಿಂಗು, ಬ್ರೀದರು, ವೈರಿನ ಜೋಡಣೆ, ರೇಡಿಯೇಟರು, ಸ್ಟಿಕ್ಕರು ಇವಕ್ಕೆ ಜೋರು ಧಾರೆ ಬೇಡ. ಬೇರೆ ಕಡೆಯೂ ಸೂಜಿಯಂಥ ಧಾರೆ ಬಿಟ್ಟು ಅಗಲ ಧಾರೆ ಇಟ್ಟುಕೊಂಡು ಎರಡು ಅಡಿ ದೂರದಿಂದ ಹೊಡೆಯಲಿ. ಕೈ ಕಾಲಿನ ಕಡೆ ಧಾರೆ ತಿರುಗಿಸಬಾರದು, ಚರ್ಮ ಸೀಳುತ್ತದೆ. ಮನೆಯಲ್ಲಿ ಮೋಟರಿನಿಂದ ಪೈಪ್ ಇದ್ದು ಒಂದು ಉದ್ದ ಹಿಡಿಯ ಬ್ರಷ್ಷು ಇದ್ದರೆ ವಾಷರ್ ಇಲ್ಲದೆಯೂ ನಡೆಯುತ್ತದೆ. ದುಡ್ಡು ಹಾಕುವುದಾದರೆ ಮೊದಲು ಸಣ್ಣ ಕಂಪ್ರೆಸರ್ ಮತ್ತು ಒಳ್ಳೆಯ ಗ್ರೀಸ್ ಗನ್ ತಗೊಳ್ಳಿ, ವಾಷರ್ ಮುಂದಿನ ಹಂಗಾಮಿಗೆ ನೋಡಿ. ಇವತ್ತು ಸಂಜೆ ಟಾರ್ಚ್ ಹಿಡಿದು ರೇಡಿಯೇಟರ್ ನೋಡಿ, ಕತ್ತಲೆ ತೇಪೆ ಎಷ್ಟಿದೆ ಅಂತ ಬರೆಯಿರಿ. ಡಿಪ್‌ಸ್ಟಿಕ್ ಎಣ್ಣೆಯ ಬಣ್ಣವನ್ನೂ ಬರೆಯಿರಿ. ಆಮೇಲೆ ಮುಂದೇನು ಮಾಡಬೇಕು ಅಂತ ಹೇಳ್ತೀನಿ.